ಗ್ರಾಮ ಪಂಚಾಯಿತಿಯಿಂದ ವಿಧಾನಸಭೆಗೆ: ನಮ್ಮ ಭಾಗದಲ್ಲಿ ಆ ದಾರಿ ಇನ್ನೂ ಉಳಿದಿದೆಯೇ?

ಪ್ರಶ್ನೆ: ಭೀಮಾತೀರದ ಸದಸ್ಯೆ, ಜೇವರ್ಗಿ ತಾಲ್ಲೂಕು

ಎಲ್ಲ ಹಿರಿಯರಿಗೂ ಶರಣು ಶರಣಾರ್ಥಿ.

ನಾನು ಜೇವರ್ಗಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. 2020ರ ಡಿಸೆಂಬರಿನಲ್ಲಿ ಚುನಾವಣೆ ನಡೆದಾಗ ನನಗೆ 24 ವರ್ಷ. ಕಲಬುರಗಿಯಲ್ಲಿ ಎಂ.ಎ. ಮುಗಿಸಿ, ಕೊರೊನಾದ ಕಾರಣ ಊರಿಗೆ ಮರಳಿದ್ದೆ. ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾದ್ದರಿಂದ ಊರಿನ ಕೆಲವರು ಅಪ್ಪನ ಬಳಿ ಬಂದು, ಮಗಳು ಓದಿದ್ದಾಳೆ, ಸಹಿ ಮಾಡಲಿಕ್ಕಾದರೂ ಬರುತ್ತದೆ, ನಿಲ್ಲಿಸಿರಿ ಎಂದರು. ಹಾಗೆ ನಿಂತು ಗೆದ್ದೆ. ಆದರೆ ಸಹಿ ಹಾಕುವ ಮೊದಲು ಪ್ರತಿ ಕಾಗದವನ್ನೂ ಓದುವುದು ನನ್ನ ಅಭ್ಯಾಸವಾದ್ದರಿಂದ ಮೊದಲ ವರ್ಷ ಅನೇಕರಿಗೆ ಬೇಸರವಾಯಿತು.

ಈ ಐದು ವರ್ಷಗಳಲ್ಲಿ ಕಲಿತದ್ದು ಬಹಳ. ತೊಗರಿ ರಾಶಿ ಮುಗಿದ ಕೂಡಲೇ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೊರಡುವ ಕುಟುಂಬಗಳ ಮನೆಗೆ ಹೋಗಿ, ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳುವ ನಮೂನೆ 6 ಎಂದರೇನು, ಅದಕ್ಕೆ ದಿನಾಂಕ ಹಾಕಿದ ಸ್ವೀಕೃತಿಯನ್ನು ಏಕೆ ಕೇಳಿ ಪಡೆಯಬೇಕು ಎಂದು ತಿಳಿಸಿ ಹೇಳಿದೆ. ಅರ್ಜಿ ಕೊಟ್ಟ ಹದಿನೈದು ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಾಗುತ್ತದೆ ಎಂಬುದು ಗೊತ್ತಾದ ಮೇಲೆ ನಮ್ಮ ತಾಂಡಾದವರು ಗುಂಪಾಗಿ ಬಂದು ಅರ್ಜಿ ಕೊಟ್ಟರು; ಎರಡು ಬೇಸಿಗೆ ಕೆರೆಯ ಹೂಳೆತ್ತುವ ಕೆಲಸ ನಡೆಯಿತು. ಗುಳೆ ನಿಲ್ಲಲಿಲ್ಲ. ಆದರೆ ಕೆಲವು ತಾಯಂದಿರು ಮಕ್ಕಳ ಪರೀಕ್ಷೆ ಮುಗಿಯುವ ತನಕವಾದರೂ ಊರಲ್ಲಿ ಉಳಿದರು.

ಈಗ ನಮ್ಮ ಅವಧಿ ಮುಗಿಯುವ ಹಂತಕ್ಕೆ ಬಂದಿದೆ. ಊರಿನ ಹೆಣ್ಣುಮಕ್ಕಳು ನೀನು ಮುಂದೆ ಶಾಸಕಿಯಾಗಬೇಕು ಎನ್ನುತ್ತಾರೆ, ಮತ್ತು ಆ ಆಸೆ ನನಗೂ ಇದೆ ಎಂದು ಹೇಳಿಕೊಳ್ಳಲು ಸಂಕೋಚಪಡುವುದಿಲ್ಲ. ನಮ್ಮ ತಾಲ್ಲೂಕಿನ ನೆಲೋಗಿಯ ಧರ್ಮಸಿಂಗ್ ಅವರು ಗುಲಬರ್ಗಾ ನಗರಸಭೆಯ ಸದಸ್ಯತ್ವದಿಂದ ಆರಂಭಿಸಿ ಮುಖ್ಯಮಂತ್ರಿಯಾದರು ಎಂದು ಅಪ್ಪ ಆಗಾಗ ನೆನೆಯುತ್ತಾರೆ. ಆದರೆ ಇಂದು ಸುತ್ತ ನೋಡಿದರೆ, ಟಿಕೆಟ್ ಸಿಗುವುದು ರಾಜಕೀಯ ಮನೆತನದವರಿಗೆ, ಇಲ್ಲವೇ ದೊಡ್ಡ ಗುತ್ತಿಗೆದಾರರಿಗೆ ಎಂಬ ಮಾತೇ ಕೇಳಿಬರುತ್ತದೆ. ಸ್ಥಳೀಯ ಸಂಸ್ಥೆಯಲ್ಲಿ ದುಡಿದು ವಿಧಾನಸಭೆಗೆ ಏರುವ ದಾರಿ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಇನ್ನೂ ಉಳಿದಿದೆಯೇ? ಉಳಿದಿದ್ದರೆ 29ನೇ ವಯಸ್ಸಿನ ನಾನು ಮುಂದಿನ ಹೆಜ್ಜೆಯನ್ನು ಎಲ್ಲಿ ಇಡಬೇಕು? ಅನುಭವಸ್ಥರು ದಯವಿಟ್ಟು ಮುಚ್ಚುಮರೆಯಿಲ್ಲದೆ ಹೇಳಬೇಕು.

ಉತ್ತರ: ಹಳೆಯ ಶಹಾಬಜಾರ್, ಕಲಬುರಗಿ

ಮಗಳೇ, ನಿನ್ನ ಅಪ್ಪ ಹೇಳಿದ್ದು ಸರಿ. ನಾನು ನಿವೃತ್ತ ಶಿಕ್ಷಕ, ಮೊದಲ ಬಾರಿಗೆ ಮತ ಹಾಕಿದ್ದು 1972ರ ವಿಧಾನಸಭಾ ಚುನಾವಣೆಯಲ್ಲಿ. ಆಗ ಮತದಾನದ ವಯಸ್ಸು 21. ಆ ಒಂದೇ ಚುನಾವಣೆಯಲ್ಲಿ ನಮ್ಮ ಜಿಲ್ಲೆಯಿಂದ ಇಬ್ಬರು ಹೊಸಬರು ವಿಧಾನಸಭೆಗೆ ಹೋದರು. ಜೇವರ್ಗಿಯಿಂದ ಧರ್ಮಸಿಂಗ್, ಗುರುಮಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ. ಇಬ್ಬರೂ ಕಾನೂನು ಓದಿದವರು, ಆದರೆ ಬಂದ ದಾರಿ ಬೇರೆ ಬೇರೆ. ಧರ್ಮಸಿಂಗ್ ಅವರು ಅರವತ್ತರ ದಶಕದ ಕೊನೆಯಲ್ಲಿ ನಗರಸಭೆಯ ಸದಸ್ಯರಾಗಿದ್ದರು. ನಲ್ಲಿ, ಚರಂಡಿ, ಬೀದಿದೀಪ ಎಂದು ಬೆಳಗ್ಗೆ ಎದ್ದರೆ ಬಾಗಿಲಿಗೆ ಬರುವ ಜನರ ನಡುವೆ ಅವರ ರಾಜಕೀಯ ಆರಂಭವಾಯಿತು. ಖರ್ಗೆಯವರು ಯಾವ ಸ್ಥಳೀಯ ಸಂಸ್ಥೆಯ ಮೆಟ್ಟಿಲನ್ನೂ ಹತ್ತದೆ ಬಂದವರು. ಕಾಲೇಜಿನ ವಿದ್ಯಾರ್ಥಿ ಸಂಘ, ಆಮೇಲೆ ವಕೀಲಿ ವೃತ್ತಿ, 1969ರಲ್ಲಿ ಎಂ.ಎಸ್.ಕೆ. ಬಟ್ಟೆ ಮಿಲ್ಲಿನ ಕಾರ್ಮಿಕ ಸಂಘಕ್ಕೆ ಕಾನೂನು ಸಲಹೆಗಾರ, ಅದೇ ವರ್ಷ ನಗರ ಕಾಂಗ್ರೆಸ್ಸಿನ ಅಧ್ಯಕ್ಷ. 1972ರಲ್ಲಿ ಗೆದ್ದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಅಂದರೆ ಹೆಚ್ಚುಕಡಿಮೆ ಇಂದಿನ ನಿನ್ನ ವಯಸ್ಸು. ಅಲ್ಲಿಂದ 2008ರ ವರೆಗೆ ಸತತ ಒಂಬತ್ತು ಬಾರಿ ಅವರು ವಿಧಾನಸಭೆಗೆ ಆಯ್ಕೆಯಾದರು.

ಈ ಇಬ್ಬರನ್ನು ಒಟ್ಟಿಗೆ ನೆನೆಯುವುದಕ್ಕೆ ಕಾರಣವಿದೆ. ಒಬ್ಬರಿಗೆ ನಗರಸಭೆ, ಇನ್ನೊಬ್ಬರಿಗೆ ಮಿಲ್ಲಿನ ಗೇಟು, ಆದರೆ ಇಬ್ಬರ ಬೆನ್ನಿಗೂ ಒಂದು ಸಮೂಹವಿತ್ತು. ಪಕ್ಷ ಅವರನ್ನು ಗುರುತಿಸುವ ಮೊದಲೇ ಆ ಸಮೂಹ ಅವರನ್ನು ಗುರುತಿಸಿತ್ತು. ಮಿಲ್ಲಿನ ಸೀಟಿಗೆ ಊರೇ ಏಳುತ್ತಿದ್ದ ಕಾಲ ಈಗಿಲ್ಲ. ಕಾರ್ಮಿಕ ಸಂಘದ ಬಾಗಿಲು ಬಹುತೇಕ ಮುಚ್ಚಿದ ನಂತರ ಸಾಮಾನ್ಯರ ಮನೆಯ ಮಕ್ಕಳಿಗೆ ಉಳಿದದ್ದು ಪಂಚಾಯಿತಿ, ನಗರಸಭೆಗಳ ಬಾಗಿಲು ಮಾತ್ರ. ಅದಕ್ಕಾಗಿಯೇ ನಿನ್ನ ಪ್ರಶ್ನೆ ನನಗೆ ಮುಖ್ಯವೆನಿಸಿತು.

ಮನೆತನದ ವಿಚಾರಕ್ಕೂ ಒಂದು ಮಾತು ಸೇರಿಸುತ್ತೇನೆ. ಹೆಸರು ಟಿಕೆಟ್ ತರಬಹುದು, ಗೆಲುವನ್ನು ತರುವುದಿಲ್ಲ. ತಂದೆ ಲೋಕಸಭೆಗೆ ಹೋಗಿ ತೆರವಾದ ಚಿತ್ತಾಪುರದಲ್ಲಿಯೇ ಪ್ರಿಯಾಂಕ್ ಖರ್ಗೆಯವರು 2009ರ ಉಪಚುನಾವಣೆಯಲ್ಲಿ ಸೋತು, 2013ರಲ್ಲಿ ಗೆದ್ದರು. ಅಷ್ಟು ವರ್ಷ ಜೇವರ್ಗಿಯನ್ನು ಪ್ರತಿನಿಧಿಸಿ ಮುಖ್ಯಮಂತ್ರಿಯೂ ಆಗಿದ್ದ ಧರ್ಮಸಿಂಗ್ ಅವರೇ 2008ರಲ್ಲಿ ಅಲ್ಲಿ ಸೋತರು. ನಮ್ಮ ಮತದಾರರನ್ನು ಕಡಿಮೆ ಅಂದಾಜು ಮಾಡಬೇಡ.

ಉತ್ತರ: ನಿವೃತ್ತ ಕಾರ್ಯದರ್ಶಿ, ಭಾಲ್ಕಿ

ಗುರುಗಳು ಹೇಳಿದ ಇತಿಹಾಸ ಸರಿಯಾಗಿದೆ, ಆದರೆ 1972ರ ಉದಾಹರಣೆಯಿಂದ ಇಂದಿನ ದಾರಿಯನ್ನು ಅಳೆಯುವುದು ಕಷ್ಟ. ನಾನು 1987ರಲ್ಲಿ, ಗ್ರಾಮ ಪಂಚಾಯಿತಿಗೂ ಮೊದಲಿದ್ದ ಮಂಡಲ ಪಂಚಾಯಿತಿಯ ಕೆಲಸಕ್ಕೆ ಸೇರಿ, ಮುಂದೆ ಗ್ರಾಮ ಪಂಚಾಯಿತಿಗಳಲ್ಲಿ ಕಾರ್ಯದರ್ಶಿಯಾಗಿ ನಿವೃತ್ತನಾದವನು. ಕಡತದ ಕಡೆಯಿಂದ ನೋಡಿದವನ ಮಾತೆಂದು ಇದನ್ನು ಓದಬೇಕು.

ತಂಗಿ, ನೀವು ಹತ್ತಬೇಕೆಂದಿರುವ ಏಣಿಯ ನಡುವಿನ ಮೆಟ್ಟಿಲುಗಳೇ ಈಗ ಇಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ ಮೂಲ ಲೆಕ್ಕದಂತೆ ಗ್ರಾಮ ಪಂಚಾಯಿತಿಯಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯ, ತಾಲ್ಲೂಕು ಪಂಚಾಯಿತಿಯಲ್ಲಿ 10,000ಕ್ಕೆ ಒಬ್ಬ, ಜಿಲ್ಲಾ ಪಂಚಾಯಿತಿಯಲ್ಲಿ 40,000ಕ್ಕೆ ಒಬ್ಬ. ವಿಧಾನಸಭಾ ಕ್ಷೇತ್ರವೆಂದರೆ ಸುಮಾರು ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ಮತದಾರರು. ಒಂದು ಓಣಿಯವರ ಪರಿಚಯದಿಂದ ಹತ್ತು ಹಳ್ಳಿಯ ಪರಿಚಯಕ್ಕೆ, ಅಲ್ಲಿಂದ ಒಂದು ಹೋಬಳಿಯ ಪರಿಚಯಕ್ಕೆ, ಆಮೇಲೆ ಇಡೀ ಕ್ಷೇತ್ರಕ್ಕೆ ಹೋಗುವಂತೆ ಈ ಅಂತರಗಳು ಬೆಳೆಯುತ್ತವೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವುಗಳ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯದ ಪ್ರಕರಣ ಎಂದು ವರ್ಷಗಳು ಉರುಳಿವೆ, ಆಡಳಿತಾಧಿಕಾರಿಗಳೇ ಆಡಳಿತ ನಡೆಸಿದ್ದಾರೆ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಇದನ್ನು ನಾನು ಆಡಳಿತದ ಸಣ್ಣ ವಿಳಂಬವೆಂದು ಒಪ್ಪುವುದಿಲ್ಲ. ಒಂದು ಪೀಳಿಗೆಯ ಗ್ರಾಮೀಣ ನಾಯಕತ್ವ ರೂಪುಗೊಳ್ಳುವ ಜಾಗವನ್ನೇ ಮುಚ್ಚಿದಂತಾಗಿದೆ.

ಹಿಂದೆಯೂ ಒಮ್ಮೆ ಹೀಗಾಗಿತ್ತು. ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದಾಗ ತಂದ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು, ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು. ಜಿಲ್ಲೆಯ ಅಧಿಕಾರಿಗಳು ಆಯ್ಕೆಯಾದ ಒಬ್ಬ ಹಳ್ಳಿಯವನ ಮುಂದೆ ಲೆಕ್ಕ ಒಪ್ಪಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದ ಮೇಲೆ ಜಿಲ್ಲಾ ಮಟ್ಟಕ್ಕೆ ಮತ್ತೆ ಚುನಾಯಿತರು ಬಂದದ್ದು 1995ರಲ್ಲಿ. ಆ ನಡುವಿನ ಅವಧಿಯಲ್ಲಿ ಮಂಡಲದಲ್ಲಿ ಹುರುಪಿನಿಂದ ಕೆಲಸ ಮಾಡಿದ ಎಷ್ಟೋ ಯುವಕರು ಕಾಂಟ್ರಾಕ್ಟು ಹಿಡಿದು ರಾಜಕೀಯವನ್ನೇ ಬಿಟ್ಟರು. ನಿಮ್ಮ ತಲೆಮಾರಿಗೆ ಅದೇ ಆಗಬಾರದೆಂಬುದು ನನ್ನ ಕಳಕಳಿ.

ಇನ್ನೊಂದು ತೊಡಕನ್ನು ನೀವೇ ಅನುಭವಿಸಿರುತ್ತೀರಿ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲವಾದ್ದರಿಂದ, ನಿಮ್ಮ ಗೆಲುವು ಯಾವ ಪಕ್ಷದ ಲೆಕ್ಕದ ಪುಸ್ತಕದಲ್ಲಿಯೂ ಬರುವುದಿಲ್ಲ. ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು, ಗಂಗಾ ಕಲ್ಯಾಣದ ಕೊಳವೆಬಾವಿಯ ಫಲಾನುಭವಿಗಳ ಆಯ್ಕೆ ಅವರ ಸಮಿತಿಯಲ್ಲಿ, ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕಿನ ಕೆ.ಡಿ.ಪಿ. ಸಭೆ ಅವರ ಅಧ್ಯಕ್ಷತೆಯಲ್ಲಿ. ವರ್ಷಕ್ಕೆ ಎರಡು ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಬೇರೆ. ಹೀಗಾಗಿ ಪಂಚಾಯಿತಿ ಸದಸ್ಯರು ತಮ್ಮ ಊರಿನ ಕೆಲಸಕ್ಕಾಗಿ ಶಾಸಕರ ಮನೆಯ ಮುಂದೆ ಅರ್ಜಿ ಹಿಡಿದು ನಿಲ್ಲುವವರಾಗುತ್ತಾರೆ, ಮತ್ತು ಹಾಗೆ ಹತ್ತು ವರ್ಷ ನಿಂತವರಿಗೆ ತಾನೂ ಆ ಸ್ಥಾನಕ್ಕೆ ಅರ್ಹನೆಂಬ ಧೈರ್ಯವೇ ಉಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕೆಂದರೆ, ಕಾಗದವನ್ನು ಬಿಡಬೇಡಿ. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಪಾಡಿನ ಹಣ, ಉಳಿದ ಶೇ. 40 ಮಾತ್ರ ಪಂಚಾಯಿತಿಯ ವಿವೇಚನೆಯದು. ಈ ವಿಂಗಡಣೆಯನ್ನು ತಿಳಿದು ಕ್ರಿಯಾ ಯೋಜನೆಯನ್ನು ಪ್ರಶ್ನಿಸಬಲ್ಲ ಸದಸ್ಯರು ನಾನು ಕೆಲಸ ಮಾಡಿದ ಪಂಚಾಯಿತಿಗಳಲ್ಲಿ ಬೆರಳೆಣಿಕೆಯಷ್ಟಿದ್ದರು. ನಿಮ್ಮ ಪಂಚಾಯಿತಿಯ ಕ್ರಿಯಾ ಯೋಜನೆಯನ್ನು ಓದಬಲ್ಲವರು ಅಕ್ಕಪಕ್ಕದ ಐದು ಪಂಚಾಯಿತಿಗಳದ್ದನ್ನೂ ಓದಬಲ್ಲರು. ಅಲ್ಲಿನ ಸದಸ್ಯೆಯರು ಜಮಾಬಂದಿಯ, ಅಂದರೆ ಪಂಚಾಯಿತಿಯ ವಾರ್ಷಿಕ ಲೆಕ್ಕ ತಪಾಸಣೆಯ, ಹಿಂದಿನ ದಿನ ಕಡತ ಹಿಡಿದು ನಿಮ್ಮ ಮನೆಗೆ ಬರುವಂತಾದರೆ, ಸರ್ಕಾರ ಕಟ್ಟದೆ ಬಿಟ್ಟ ನಡುವಿನ ಮೆಟ್ಟಿಲನ್ನು ನೀವೇ ಕಟ್ಟಿಕೊಂಡಂತೆ. ಸಹಕಾರ ಸಂಘವನ್ನೂ ಮರೆಯಬೇಡಿ. ನಮ್ಮ ಬೀದರ್ ಜಿಲ್ಲೆಯಲ್ಲಿ ಡಿ.ಸಿ.ಸಿ. ಬ್ಯಾಂಕು (ಜಿಲ್ಲಾ ಸಹಕಾರಿ ಬ್ಯಾಂಕು) ಮಹಿಳಾ ಸ್ವಸಹಾಯ ಗುಂಪುಗಳಿಗೆ ಸಾಲ ಕೊಡಲು ತೊಡಗಿದ ನಂತರ, ಗುಂಪಿನ ಲೆಕ್ಕ ಬರೆದು ಕಲಿತ ಹೆಣ್ಣುಮಕ್ಕಳೇ ಪಂಚಾಯಿತಿಯಲ್ಲಿ ದನಿಯೆತ್ತಿದ್ದನ್ನು ನೋಡಿದ್ದೇನೆ.

ಪ್ರತಿಕ್ರಿಯೆ: ಭೀಮಾತೀರದ ಸದಸ್ಯೆ

ಸರ್, ಅರ್ಜಿ ಹಿಡಿದು ನಿಲ್ಲುವ ಮಾತು ನೇರವಾಗಿ ಮನಸ್ಸಿಗೆ ತಾಕಿತು. ಒಂದು ಸಂದೇಹವಿದೆ. ಅಕ್ಕಪಕ್ಕದ ಪಂಚಾಯಿತಿಯ ವಿಷಯಕ್ಕೆ ಹೋದರೆ, ಅಲ್ಲಿನ ಅಧ್ಯಕ್ಷರು ಇವಳಿಗೇನು ಸಂಬಂಧ ಎಂದು ಕೇಳುವುದಿಲ್ಲವೇ? ಹಾಗೆ ಓಡಾಡುವ ಅವಿವಾಹಿತ ಹೆಣ್ಣುಮಗಳ ಬಗ್ಗೆ ಆಡುವ ಮಾತುಗಳು ಬೇರೆಯೇ ಇರುತ್ತವೆ. ಮಹಿಳೆಯರಲ್ಲಿ ಯಾರಾದರೂ ಇದಕ್ಕೆ ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ: ಮಾಜಿ ತಾಲ್ಲೂಕು ಪಂಚಾಯಿತಿ ಸದಸ್ಯೆ, ಶಹಾಪುರ

ತಂಗಿ, ಈ ಪ್ರಶ್ನೆಗೆ ಉತ್ತರಿಸಲೆಂದೇ ಬರೆಯಲು ಕುಳಿತಿದ್ದೇನೆ.

ನಾನು 2016ರಲ್ಲಿ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕು ಪಂಚಾಯಿತಿಗೆ ಒಂದು ಪಕ್ಷದ ಚಿಹ್ನೆಯ ಮೇಲೆ ಗೆದ್ದವಳು. ಆಗ ನನಗೆ ಇಬ್ಬರು ಚಿಕ್ಕ ಮಕ್ಕಳು. ಮೊದಲ ಸಭೆಗೆ ಹೋದಾಗ ನನ್ನ ಕುರ್ಚಿಯ ಪಕ್ಕದಲ್ಲಿ ನಮ್ಮ ಯಜಮಾನರಿಗೂ ಒಂದು ಕುರ್ಚಿ ಹಾಕಿದ್ದರು. ಯಾರೂ ಕೇಳಿರಲಿಲ್ಲ, ಅದೇ ವಾಡಿಕೆ ಎಂದು ಹಾಕಿದ್ದರು. ಯಜಮಾನರು ಒಳ್ಳೆಯವರು, ತಾವಾಗಿಯೇ ಹೊರಗೆ ಹೋಗಿ ಮರದ ಕೆಳಗೆ ಕುಳಿತರು. ಅವರು ಅಂದು ಎದ್ದು ಹೋದದ್ದೇ ನನ್ನ ರಾಜಕೀಯದ ಆರಂಭ ಎಂದು ಇಂದಿಗೂ ಭಾವಿಸುತ್ತೇನೆ.

ಜನರ ಮಾತಿನ ಬಗ್ಗೆ ಹೇಳುವುದಾದರೆ, ಮಾತು ಬರುತ್ತದೆ, ಬರದೆ ಇರುವುದಿಲ್ಲ. ಅದಕ್ಕೆ ನಾನು ಕಂಡುಕೊಂಡ ದಾರಿ ಒಂದೇ. ಒಬ್ಬಳೇ ಎಲ್ಲಿಗೂ ಹೋಗಲಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಹಳ್ಳಿಗಳಿಗೆ ನೀರು ಬರುತ್ತಿಲ್ಲವೆಂಬ ದೂರು ಹಿಡಿದು ನೀರಾವರಿ ಕಚೇರಿಗೆ ಹೋಗುವಾಗ ಆ ಹಳ್ಳಿಗಳ ಆರೇಳು ಹೆಂಗಸರನ್ನು ಕರೆದುಕೊಂಡೇ ಹೋಗುತ್ತಿದ್ದೆ. ಅವರಲ್ಲಿ ಇಬ್ಬರು ನನ್ನ ಕ್ಷೇತ್ರದವರಲ್ಲ. ಇವಳಿಗೇನು ಸಂಬಂಧ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವಲ್ಲ, ನಮ್ಮನ್ನು ಕರೆದವರು. ಕರೆಯದ ಊರಿಗೆ ಹೋಗಬೇಡ, ಕರೆದ ಊರಿಗೆ ತಪ್ಪಿಸಬೇಡ. ಪ್ರತಿ ಓಡಾಟದ ಬಗ್ಗೆ ಒಂದು ದಫ್ತರದಲ್ಲಿ ಬರೆದಿಡುತ್ತಿದ್ದೆ: ದಿನ, ಊರು, ಬಂದವರ ಹೆಸರು, ಯಾವ ಅರ್ಜಿ, ಏನಾಯಿತು. ಐದು ವರ್ಷದಲ್ಲಿ ಅಂಥ ನಾಲ್ಕು ದಫ್ತರಗಳಾದವು.

2021ರಲ್ಲಿ ಅವಧಿ ಮುಗಿಯಿತು. ಜಿಲ್ಲಾ ಪಂಚಾಯಿತಿಗೆ ನಿಲ್ಲುವ ತಯಾರಿಯಲ್ಲಿದ್ದೆ, ಚುನಾವಣೆ ಬರಲೇ ಇಲ್ಲ. ಮೊದಲ ಆರು ತಿಂಗಳು ಜನ ಬರುತ್ತಿದ್ದರು, ಆಮೇಲೆ ಕಡಿಮೆಯಾದರು. ನನ್ನ ಕೈಯಲ್ಲಿ ಈಗ ಏನೂ ಇಲ್ಲವೆಂದು ಅವರಿಗೂ ಗೊತ್ತು. 2023ರ ವಿಧಾನಸಭಾ ಚುನಾವಣೆಗೆ ಮೊದಲು ಧೈರ್ಯ ಮಾಡಿ ಟಿಕೆಟಿಗೆ ಅರ್ಜಿ ಹಾಕಿದೆ. ಅರ್ಜಿ ತೆಗೆದುಕೊಂಡವರು ಖರ್ಚಿಗೆ ಎಷ್ಟು ಕೂಡಿಸಬಲ್ಲಿರಿ ಎಂದು ಮೊದಲು ಕೇಳಿದರು, ನಿಮ್ಮ ಸಮಾಜದ ಮತ ಎಷ್ಟಿವೆ ಎಂದು ನಂತರ ಕೇಳಿದರು. ತಾಲ್ಲೂಕು ಪಂಚಾಯಿತಿಯಲ್ಲಿ ಏನು ಮಾಡಿದಿರಿ ಎಂದು ಯಾರೂ ಕೇಳಲಿಲ್ಲ. ಆ ದಫ್ತರಗಳನ್ನು ಚೀಲದಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಹೊರಗೆ ತೆಗೆಯುವ ಸಂದರ್ಭ ಬರಲಿಲ್ಲ. ಅಂದು ಮನೆಗೆ ಬಂದು ಬಹಳ ಹೊತ್ತು ಅತ್ತೆ, ಅದನ್ನು ಮುಚ್ಚಿಡುವುದಿಲ್ಲ.

ಪಂಚಾಯಿತಿಗಳಲ್ಲಿ ನಮ್ಮ ರಾಜ್ಯ ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಕೊಟ್ಟಿದೆ. 2023ರಲ್ಲಿ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು ಹತ್ತೇ ಜನ. ನಮ್ಮ ಮೂರು ಜಿಲ್ಲೆಗಳ 19 ಕ್ಷೇತ್ರಗಳಲ್ಲಿ ಗುಲಬರ್ಗಾ ಉತ್ತರದ ಕನೀಜ್ ಫಾತಿಮಾ ಒಬ್ಬರೇ. ಕೆಳಗೆ ಅರ್ಧ, ಮೇಲೆ ಹತ್ತೊಂಬತ್ತರಲ್ಲಿ ಒಂದು. ಕೆಲಸ ಕಲಿತ ಇಷ್ಟೊಂದು ಹೆಣ್ಣುಮಕ್ಕಳು ನಡುವೆ ಎಲ್ಲಿ ಹೋದರು ಎಂದು ಯಾವ ಪಕ್ಷವೂ ಕೇಳಿಕೊಳ್ಳುತ್ತಿಲ್ಲ. ನನ್ನ ಮಟ್ಟಿಗೆ ಉತ್ತರ ಗೊತ್ತಿದೆ, ಮನೆಗೆ ಮರಳಿದರು.

ಆದರೂ ನಿನಗೆ ಬಿಟ್ಟುಬಿಡು ಎಂದು ಹೇಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ. ಮುಂದಿನ ಬಾರಿ ನಿನ್ನ ವಾರ್ಡಿನ ಮೀಸಲಾತಿ ಬದಲಾಗಬಹುದು. ಮೀಸಲು ಹೋದೊಡನೆ ನಿನ್ನನ್ನು ಕರೆತಂದವರೇ, ಈ ಸಲ ಅಣ್ಣ ನಿಲ್ಲಲಿ ಎಂದು ಬರುತ್ತಾರೆ. ಆಗ ಸಾಮಾನ್ಯ ಸ್ಥಾನದಲ್ಲಿಯೇ ನಿಂತು ಗೆಲ್ಲಬೇಕು. ಮೀಸಲಿನಿಂದ ಬಂದವಳು ಎಂಬ ಮಾತು ಆ ದಿನ ಮುಗಿಯುತ್ತದೆ, ಮತ್ತು ಟಿಕೆಟ್ ಕೇಳುವ ದಿನ ನಿನ್ನ ಕೈಯಲ್ಲಿರುವ ದೊಡ್ಡ ದಾಖಲೆಯೂ ಅದೇ.

ಉತ್ತರ: ವಕೀಲರು, ಬೀದರ್

ಕಾನೂನಿನ ಕೆಲವು ಅಂಶಗಳನ್ನು ಮಾತ್ರ ಸೇರಿಸುತ್ತೇನೆ, ಏಕೆಂದರೆ ಯುವ ಅಭ್ಯರ್ಥಿಗಳು ಇವುಗಳಲ್ಲಿ ಎಡವುವುದನ್ನು ನೋಡಿದ್ದೇನೆ. ಗ್ರಾಮ ಪಂಚಾಯಿತಿಗೆ 21 ವರ್ಷ, ವಿಧಾನಸಭೆಗೆ 25, ವಿಧಾನ ಪರಿಷತ್ತಿಗೆ 30 ತುಂಬಿರಬೇಕು. ವಿಧಾನಸಭೆಗೆ ನಿಲ್ಲಲು ರಾಜ್ಯದ ಯಾವುದಾದರೊಂದು ಕ್ಷೇತ್ರದ ಮತದಾರರಾಗಿದ್ದರೆ ಸಾಕು, ಅದೇ ಕ್ಷೇತ್ರದವರಾಗಿರಬೇಕೆಂದಿಲ್ಲ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಯ ನಾಮಪತ್ರಕ್ಕೆ ಒಬ್ಬ ಸೂಚಕ, ಪಕ್ಷೇತರರಿಗೆ ಹತ್ತು ಸೂಚಕರು ಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಾರದಿದ್ದರೆ ಅದು ಮುಟ್ಟುಗೋಲಾಗುತ್ತದೆ. ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಈ ಮಿತಿಯನ್ನು ಕಂಡು ಹೆದರಬೇಡಿ, ಅಷ್ಟು ಖರ್ಚು ಮಾಡಲೇಬೇಕೆಂದು ಅದರ ಅರ್ಥವಲ್ಲ.

ಕ್ಷೇತ್ರದ ಗಡಿ ಮತ್ತು ಮೀಸಲಾತಿಯ ಮೇಲೆ ಕಣ್ಣಿಡಿ. 2008ರ ಚುನಾವಣೆಯಿಂದ ಜಾರಿಗೆ ಬಂದ ಮರುವಿಂಗಡಣೆಯಲ್ಲಿ ಶಹಾಬಾದ್, ಕಮಲಾಪುರ, ಹುಲಸೂರು ಕ್ಷೇತ್ರಗಳು ಇಲ್ಲವಾದವು, ಗುರುಮಠಕಲ್ ಸಾಮಾನ್ಯವಾಯಿತು, ಚಿತ್ತಾಪುರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಎಂಟು ಬಾರಿ ಗುರುಮಠಕಲ್‌ನಿಂದ ಗೆದ್ದಿದ್ದ ಖರ್ಗೆಯವರು ಚಿತ್ತಾಪುರಕ್ಕೆ ಬಂದದ್ದು ಆ ಬದಲಾವಣೆಯ ನಂತರ. ಮುಂದಿನ ಜನಗಣತಿಯ ಬಳಿಕ ಮತ್ತೆ ಮರುವಿಂಗಡಣೆ ನಡೆದಾಗ, 2023ರ ಸಂವಿಧಾನದ 106ನೇ ತಿದ್ದುಪಡಿಯಂತೆ ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಮೀಸಲಾಗಬೇಕಿದೆ. ಪ್ರಶ್ನೆ ಕೇಳಿದ ಮೇಡಂ ಅವರ ಹತ್ತು ವರ್ಷದ ಲೆಕ್ಕದಲ್ಲಿ ಇದು ಬಹಳ ದೊಡ್ಡ ಅಂಶ. ಆ ದಿನ ಪಕ್ಷಗಳು ಮಹಿಳಾ ಅಭ್ಯರ್ಥಿಗಳನ್ನು ಹುಡುಕಿಕೊಂಡು ಬರಲೇಬೇಕಾಗುತ್ತದೆ. ಸಿದ್ಧರಾಗಿರುವವರು ಇಲ್ಲದಿದ್ದರೆ ನಾಯಕರ ಮನೆಯ ಹೆಣ್ಣುಮಕ್ಕಳಿಗೆ ಆ ಸ್ಥಾನಗಳು ಹೋಗುತ್ತವೆ.

ವಿಧಾನ ಪರಿಷತ್ತಿನ ದಾರಿಯನ್ನೂ ಯೋಚಿಸಬಹುದು. ಅದರ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಸದಸ್ಯರ ಮತದಿಂದ ತುಂಬುವಂಥವು, ಕಲಬುರಗಿ ಮತ್ತು ಯಾದಗಿರಿ ಸೇರಿ ಒಂದು ಕ್ಷೇತ್ರ. ಮೇಡಂ ಅವರಿಗೆ 30 ತುಂಬುವ ಕಾಲ ಹತ್ತಿರದಲ್ಲಿದೆ.

ಉತ್ತರ: ಹಳೆಯ ಶಹಾಬಜಾರ್, ಕಲಬುರಗಿ

ವಕೀಲರ ಉಳಿದ ಮಾತೆಲ್ಲ ಒಪ್ಪುತ್ತೇನೆ, ಪರಿಷತ್ತಿನ ಸಲಹೆಯನ್ನು ಒಪ್ಪಲಾರೆ. ಆ ಚುನಾವಣೆಯಲ್ಲಿ ಮತದಾರರು ಕೆಲವೇ ಸಾವಿರ ಸದಸ್ಯರು. 2021ರ ಡಿಸೆಂಬರಿನಲ್ಲಿ ಅದು ನಡೆದಾಗ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಸದಸ್ಯರೇ ಇಲ್ಲದೆ, ಗ್ರಾಮ ಪಂಚಾಯಿತಿ ಮತ್ತು ನಗರ ಸಂಸ್ಥೆಗಳವರು ಮಾತ್ರ ಮತ ಹಾಕಿದರು. ಎಲ್ಲರ ಹೆಸರೂ ಪಟ್ಟಿಯಲ್ಲಿ ಗೊತ್ತಿರುವ ಮತದಾರರ ಮುಂದೆ ಹಣದ ಒತ್ತಡ ಎಷ್ಟಿರುತ್ತದೆ ಎಂಬುದನ್ನು ಈ ಹುಡುಗಿ ಸ್ವತಃ ಮತದಾರಳಾಗಿ ಕಂಡಿರುತ್ತಾಳೆ. ಜನರ ನಡುವಿನಿಂದ ಬಂದವರು ಜನರ ಮತಕ್ಕೇ ಕಾಯುವುದು ಒಳ್ಳೆಯದು.

ಕಲಬುರಗಿ ನಗರಕ್ಕೆ ಬಂದು ಪಾಲಿಕೆಗೆ ನಿಲ್ಲು ಎಂದು ಯಾರಾದರೂ ಹೇಳಬಹುದು. ಪಾಲಿಕೆಯಲ್ಲಿ 55 ವಾರ್ಡುಗಳಿವೆ, 2011ರ ಜನಗಣತಿಯ ಸುಮಾರು 5.33 ಲಕ್ಷ ಜನಸಂಖ್ಯೆಯನ್ನು ಹಂಚಿದರೆ ವಾರ್ಡಿಗೆ ಹತ್ತಿರಹತ್ತಿರ ಹತ್ತು ಸಾವಿರ ಜನ. ಪಕ್ಷದ ಚಿಹ್ನೆಯೂ ಇದೆ. ಅಂದರೆ ತಾಲ್ಲೂಕು ಪಂಚಾಯಿತಿಯ ಒಂದು ಕ್ಷೇತ್ರದಷ್ಟೇ ದೊಡ್ಡ ಮೆಟ್ಟಿಲು ನಗರದಲ್ಲಿದೆ. ಆದರೆ ನಿನ್ನ ಕೆರೆ, ನಿನ್ನ ತಾಂಡಾ, ನಿನ್ನ ಕ್ಷೇತ್ರ ಜೇವರ್ಗಿಯಲ್ಲಿದೆ. ಅದನ್ನು ಬಿಟ್ಟು ಬರಬೇಡ ಮಗಳೇ.

ಪ್ರತಿಕ್ರಿಯೆ: ಭೀಮಾತೀರದ ಸದಸ್ಯೆ

ಎಲ್ಲರಿಗೂ ಕೃತಜ್ಞತೆಗಳು. ಎರಡು ದಿನ ಎಲ್ಲವನ್ನೂ ಮತ್ತೆ ಮತ್ತೆ ಓದಿದೆ, ಅಪ್ಪನಿಗೂ ಓದಿ ಹೇಳಿದೆ. ಗುರುಗಳು ಹೇಳಿದಂತೆ 2021ರ ಆ ಚುನಾವಣೆಯಲ್ಲಿ ನಾನು ಮತದಾರಳಾಗಿದ್ದೆ. ಆಗ ಕಂಡದ್ದನ್ನು ಇಲ್ಲಿ ಬರೆಯುವುದಿಲ್ಲ, ಆದರೆ ಆ ದಾರಿ ನನ್ನದಲ್ಲ ಎಂಬುದು ನಿಶ್ಚಯವಾಯಿತು.

ಊರಲ್ಲಿಯೇ ಉಳಿಯುತ್ತೇನೆ. ಮುಂದಿನ ಚುನಾವಣೆಯಲ್ಲಿ ವಾರ್ಡು ಸಾಮಾನ್ಯವಾದರೂ ನಿಲ್ಲುತ್ತೇನೆಂದು ಅಪ್ಪನ ಮುಂದೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಣ್ಣನ ಹತ್ತಿರ ನಾನೇ ಮಾತಾಡುತ್ತೇನೆ ಎಂದರು. ನಮ್ಮ ಪಂಚಾಯಿತಿಯ ಮೂರು ವರ್ಷದ ಕ್ರಿಯಾ ಯೋಜನೆಗಳನ್ನು ತೆಗೆದಿಟ್ಟಿದ್ದೇನೆ. ಕಟ್ಟುಪಾಡಿನ ಶೇ. 60 ಹಣವನ್ನು ನಿಜವಾಗಿ ನೀರು, ನೈರ್ಮಲ್ಯಕ್ಕೇ ಹಾಕಿದ್ದಾರೆಯೇ ಎಂದು ನೋಡುತ್ತಿದ್ದೇನೆ. ಒಂದು ಕಡೆ ಅನುಮಾನವಿದೆ. ಕಾರ್ಯದರ್ಶಿ ಸರ್ ಒಪ್ಪಿದರೆ ಆ ಪುಟದ ಪ್ರತಿಯನ್ನು ಕಳುಹಿಸುತ್ತೇನೆ. ನೆರೆಯ ಪಂಚಾಯಿತಿಯ ಇಬ್ಬರು ಸದಸ್ಯೆಯರು ತಾವಾಗಿಯೇ ಕೇಳಿದ್ದರಿಂದ, ಬರುವ ಗ್ರಾಮ ಸಭೆಯ ಮೊದಲು ಮೂವರೂ ಒಟ್ಟಿಗೆ ಕುಳಿತು ಓದುವುದೆಂದು ಮಾತಾಗಿದೆ.

ಶಹಾಪುರದ ಅಕ್ಕನವರಲ್ಲಿ ಒಂದು ವಿನಂತಿ. ಚೀಲದಿಂದ ಹೊರಗೆ ತೆಗೆಯಲಾಗದ ಆ ನಾಲ್ಕು ದಫ್ತರಗಳನ್ನು ನಾನು ನೋಡಬಹುದೇ? ನೀವು ಹೇಗೆ ಬರೆದಿಟ್ಟಿದ್ದೀರಿ ಎಂದು ಕಲಿಯಬೇಕಾಗಿದೆ. ಈ ಭಾನುವಾರ ಬೆಳಗಿನ ಬಸ್ಸಿಗೆ ಬರಬಲ್ಲೆ.

ಪ್ರತಿಕ್ರಿಯೆ: ಮಾಜಿ ತಾಲ್ಲೂಕು ಪಂಚಾಯಿತಿ ಸದಸ್ಯೆ, ಶಹಾಪುರ

ಬಾ ತಂಗಿ. ಊಟಕ್ಕೆ ನಮ್ಮಲ್ಲಿಯೇ ಇರಬೇಕು. ಎರಡನೆಯ ದಫ್ತರದಲ್ಲಿ ಕಾಲುವೆಯ ಅರ್ಜಿಗಳೆಲ್ಲ ಇವೆ; ಅವುಗಳಲ್ಲಿ ಮೂರಕ್ಕೆ ಇನ್ನೂ ಉತ್ತರ ಬಂದಿಲ್ಲ. ಅವನ್ನು ಮತ್ತೆ ಹೇಗೆ ಹಾಕಬೇಕೆಂದು ಇಬ್ಬರೂ ಕುಳಿತು ಬರೆಯೋಣ.